ಕಡಿದ ಕಬ್ಬಿನ ಗಡಿಯಾರ

ಸರಕು ಸಾಗಣೆಯ ಸಮನ್ವಯಕ್ಕಾಗಿ ತಂತ್ರಾಂಶ ರೂಪಿಸುವುದೆಂದರೆ ಲಾರಿ ಎಲ್ಲಿದೆ ಎಂಬುದನ್ನು ನಕ್ಷೆಯ ಮೇಲೆ ಚುಕ್ಕೆಯಾಗಿ ತೋರಿಸುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಚುಕ್ಕೆ ತೋರಿಸುವುದು ಆ ಕೆಲಸದ ಒಂದು ಸಣ್ಣ ಅಂಗ ಮಾತ್ರ. ಸರಕನ್ನು ಬೆಳೆದವರು, ಕಡಿದವರು, ಹೊತ್ತವರು, ತೂಗಿದವರು, ಕೊಂಡವರು ಮತ್ತು ಹಣ ಪಾವತಿಸುವವರು ಬೇರೆ ಬೇರೆಯಾಗಿರುವ ಕಡೆ, ಈ ಹೊತ್ತಿನಲ್ಲಿ ಸರಕು ಯಾರ ವಶದಲ್ಲಿದೆ, ಮುಂದೆ ಯಾರ ಕೈಗೆ ಹೋಗಬೇಕು, ಎಷ್ಟು ಗಂಟೆಯೊಳಗೆ ಹೋಗಬೇಕು, ಹೋಗದಿದ್ದರೆ ಮೊದಲು ಯಾರಿಗೆ ತಿಳಿಯಬೇಕು ಎಂಬ ಪ್ರಶ್ನೆಗಳಿಗೆ ಅವರೆಲ್ಲರಿಗೂ ಒಂದೇ ಉತ್ತರ ಸಿಗುವಂತೆ ನೋಡಿಕೊಳ್ಳುವುದು ಅದರ ಮುಖ್ಯ ಹೊಣೆ. ಈ ಹೊಣೆ ಎಷ್ಟು ಭಾರದ್ದು ಎಂಬುದನ್ನು ಅರಿಯಲು ದೂರದ ಬಂದರುಗಳನ್ನೋ ಮಹಾನಗರಗಳ ಗೋದಾಮುಗಳನ್ನೋ ನೋಡಬೇಕಾದ ಅಗತ್ಯವಿಲ್ಲ. ದಿನವೂ ಕಬ್ಬು, ಹಾಲು ಮತ್ತು ಎಳನೀರು ಸಾಗುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳೇ ಅದಕ್ಕೆ ಸಾಕಷ್ಟು ಕಠಿಣವಾದ ಪರೀಕ್ಷಾ ನೆಲ.

ಇಲ್ಲಿನ ಸಾಗಣೆಯ ಸ್ವರೂಪ ನೀರಿನೊಂದಿಗೆ ಹುಟ್ಟಿದ್ದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಎರಡು ದಶಕಗಳ ನಂತರ ಪೂರ್ಣಗೊಂಡಾಗ, ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಈ ಬಯಲಿಗೆ ನೀರು ತಂದಿತು. ಆ ನೀರಿನಲ್ಲಿ ಬೆಳೆಯುವ ಕಬ್ಬಿಗಾಗಿಯೇ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ನಡೆಸುತ್ತಿದ್ದ ಲೆಸ್ಲಿ ಕೋಲ್ಮನ್ ಅವರ ಪಾತ್ರ ಇದರಲ್ಲಿ ದೊಡ್ಡದು. ನಾಲೆಯ ಅಚ್ಚುಕಟ್ಟನ್ನು ಬ್ಲಾಕುಗಳಾಗಿ ವಿಂಗಡಿಸಿ, ಯಾವ ವರ್ಷ ಯಾವ ಭಾಗದಲ್ಲಿ ಕಬ್ಬು, ಯಾವ ಭಾಗದಲ್ಲಿ ಭತ್ತ, ಯಾವ ಭಾಗದಲ್ಲಿ ಕಡಿಮೆ ನೀರಿನ ಬೆಳೆ ಎಂದು ಸರದಿ ಗೊತ್ತುಮಾಡುವ ಪದ್ಧತಿಯನ್ನು ಆಗ ಜಾರಿಗೆ ತಂದದ್ದು ಗಮನಾರ್ಹ. ನೀರನ್ನು ಹಂಚುವ ಸರದಿ, ಬೆಳೆಯನ್ನು ನೆಡುವ ಸರದಿ ಮತ್ತು ಕಾರ್ಖಾನೆ ಕಬ್ಬನ್ನು ಅರೆಯುವ ಸರದಿ ಒಂದಕ್ಕೊಂದು ಹೊಂದಿಕೊಳ್ಳಬೇಕು ಎಂಬ ಆ ಯೋಜನೆಯಲ್ಲಿ, ಇಂದು ತಂತ್ರಾಂಶ ಮಾಡಬೇಕಾದ ಲೆಕ್ಕಾಚಾರದ ತಿರುಳು ಕಾಗದ ಮತ್ತು ತೂಬುಗಳ ರೂಪದಲ್ಲಿ ಆಗಲೇ ಇತ್ತು.

ಇಂದು ಮಂಡ್ಯದ ಮೈಷುಗರ್ ಜೊತೆಗೆ ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಕೆ.ಎಂ.ದೊಡ್ಡಿಗಳಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ. ಇವಲ್ಲದೆ ಊರೂರಿನ ಆಲೆಮನೆಗಳು ಕಬ್ಬಿಗಾಗಿ ಸ್ಪರ್ಧಿಸುತ್ತವೆ. ಕಾರ್ಖಾನೆಗೆ ಕಬ್ಬು ಕೊಡಲು ಬಯಸುವ ರೈತರು ಮೊದಲೇ ಒಪ್ಪಿಗೆ ಮಾಡಿಕೊಂಡಿರುತ್ತಾರೆ. ಕಬ್ಬು ಮಾಗಿದ ಮೇಲೆ ಕಾರ್ಖಾನೆ ಕಟಾವು ಆದೇಶ ಕೊಡುತ್ತದೆ. ಇಂಥ ದಿನ, ಇಷ್ಟು ಕಬ್ಬನ್ನು ಕಡಿದು ತರಬಹುದು ಎಂಬ ಅನುಮತಿಯ ಚೀಟಿ ಅದು. ಕೇಳಲು ಸರಳವಾದ ಈ ಚೀಟಿಯ ಹಿಂದೆ ಗದ್ದೆ, ಕಡಿಯುವ ಗ್ಯಾಂಗು, ಗಾಡಿ, ಟ್ರಾಕ್ಟರು, ಕಾರ್ಖಾನೆಯ ಯಾರ್ಡು, ತೂಕದ ಸೇತುವೆ, ಗಾಣ ಇವೆಲ್ಲ ಒಂದೇ ಸರಪಳಿಯಾಗಿ ನಿಂತಿವೆ, ಮತ್ತು ಸರಪಳಿಯ ಯಾವ ಕೊಂಡಿ ನಿಂತರೂ ಅದರ ನಷ್ಟ ಗದ್ದೆಯ ಕಡೆಗೇ ಹರಿದು ಬರುತ್ತದೆ.

ನಷ್ಟ ಏಕೆ ಆಗುತ್ತದೆ ಎಂಬುದನ್ನು ತಿಳಿಯದೆ ಈ ತಂತ್ರಾಂಶವನ್ನು ಬರೆಯಲಾಗದು. ಕಬ್ಬಿನ ಜಲ್ಲೆಯನ್ನು ಕಡಿದ ಕ್ಷಣದಿಂದಲೇ ಅದರೊಳಗಿನ ಸುಕ್ರೋಸ್, ಅಂದರೆ ಹರಳಾಗಬಲ್ಲ ಸಕ್ಕರೆ, ಕಿಣ್ವಗಳ ಕ್ರಿಯೆಯಿಂದ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗತೊಡಗುತ್ತದೆ. ಇವು ಹರಳಾಗದೆ ಕಾಕಂಬಿಗೆ ಹೋಗುತ್ತವೆ. ಕಡಿದ ತುದಿಗಳಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳು ರಸವನ್ನು ಅಂಟಾಗಿಸುತ್ತವೆ. ಬಿಸಿಲಿಗೆ ನೀರು ಆರಿ ಜಲ್ಲೆಯ ತೂಕವೂ ಇಳಿಯುತ್ತದೆ. ಆದ್ದರಿಂದಲೇ ಕಡಿದ ಕಬ್ಬನ್ನು ಸಾಧ್ಯವಾದಷ್ಟು 24 ಗಂಟೆಯೊಳಗೆ ಅರೆಯಬೇಕೆಂದು ಕೃಷಿ ವಿಜ್ಞಾನಿಗಳು ಸಲಹೆ ಮಾಡುತ್ತಾರೆ. ಇದರಲ್ಲಿ ನಷ್ಟದ ಹಂಚಿಕೆಯೂ ಒಂದು ಮುಖ್ಯ ಸಂಗತಿ: ಕೇಂದ್ರ ಸರ್ಕಾರ ನಿಗದಿಪಡಿಸುವ ನ್ಯಾಯಸಮ್ಮತ ದರ, ಅಂದರೆ ಎಫ್‌ಆರ್‌ಪಿ, ಕಾರ್ಖಾನೆಯ ಸರಾಸರಿ ಸಕ್ಕರೆ ಇಳುವರಿಯನ್ನು ಆಧರಿಸಿದ್ದು, ಒಬ್ಬೊಬ್ಬ ರೈತನಿಗೆ ಹಣ ಬರುವುದು ಅವನ ಕಬ್ಬಿನ ತೂಕದ ಮೇಲೆ. ಯಾರ್ಡಿನಲ್ಲಿ ಒಂದು ರಾತ್ರಿ ಕಾದ ಗಾಡಿಯ ತೂಕನಷ್ಟವನ್ನು ಆ ರೈತ ಒಬ್ಬನೇ ಹೊರುತ್ತಾನೆ. ಎಲ್ಲ ಗಾಡಿಗಳೂ ಕಾದರೆ ಆಗುವ ಇಳುವರಿಯ ನಷ್ಟವನ್ನು ಕಾರ್ಖಾನೆಯೊಂದಿಗೆ ಮುಂದಿನ ಹಂಗಾಮಿನ ರೈತರೆಲ್ಲರೂ ಹೊರುತ್ತಾರೆ.

ಯಾರ್ಡಿನ ಕಾಯುವಿಕೆಯನ್ನು ಅಳೆಯಲು ಒಂದು ಸರಳ ನಿಯಮವಿದೆ. ಸರದಿಯಲ್ಲಿ ನಿಂತವರ ಸರಾಸರಿ ಸಂಖ್ಯೆಯು, ಗಂಟೆಗೆ ಬಂದು ಸೇರುವವರ ಸಂಖ್ಯೆಯನ್ನು ಒಬ್ಬೊಬ್ಬರು ಕಾಯುವ ಸರಾಸರಿ ಗಂಟೆಗಳಿಂದ ಗುಣಿಸಿದಷ್ಟು ಎಂಬ ಆ ನಿಯಮವನ್ನು ಗಣಿತದ ಮೂಲಕ ಸಾಧಿಸಿ ತೋರಿಸಿದವರು ಅಮೆರಿಕದ ಜಾನ್ ಲಿಟಲ್, 1961ರಲ್ಲಿ. ಉದಾಹರಣೆಗೆ, ದಿನಕ್ಕೆ 5,000 ಟನ್ ಅರೆಯುವ ಒಂದು ಕಾರ್ಖಾನೆಗೆ ಲೋಡಿಗೆ 10 ಟನ್ನಿನಂತೆ ಕಬ್ಬು ಬರುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ 500 ಲೋಡು, ಗಂಟೆಗೆ ಸುಮಾರು 21 ಲೋಡು ಖಾಲಿಯಾಗುತ್ತದೆ. ಯಾರ್ಡಿನಲ್ಲಿ ಯಾವಾಗಲೂ 250 ಲೋಡು ನಿಂತಿದ್ದರೆ ಪ್ರತಿಯೊಂದೂ ಸರಾಸರಿ 12 ಗಂಟೆ ಕಾಯುತ್ತಿದೆ ಎಂದೇ ಅರ್ಥ. ಚಾಲಕರಿಗೆ ಟೋಕನ್ ಕೊಟ್ಟರೂ, ನೆರಳಿನ ಚಪ್ಪರ ಹಾಕಿಸಿದರೂ, ಮೊಬೈಲಿನಲ್ಲಿ ಸರದಿ ಸಂಖ್ಯೆ ತೋರಿಸಿದರೂ ಆ 12 ಗಂಟೆ ಕಡಿಮೆಯಾಗುವುದಿಲ್ಲ. ಅದನ್ನು ಇಳಿಸುವ ದಾರಿ ಒಂದೇ: ಗಾಣಕ್ಕೆ ಬೇಕಾದಷ್ಟನ್ನೇ, ಬೇಕಾದ ಹೊತ್ತಿಗೇ ಕಡಿಸುವುದು. ಹೀಗಾಗಿ ಈ ತಂತ್ರಾಂಶದ ನಿಜವಾದ ಹಿಡಿಕೆ ಇರುವುದು ಯಾರ್ಡಿನ ಬಾಗಿಲಲ್ಲಿ ಅಲ್ಲ, ಒಂದೂವರೆ ದಿನ ಮುಂಚೆ ಹೊರಡುವ ಕಟಾವು ಆದೇಶದಲ್ಲಿ. ಗಾಣ ಕೆಟ್ಟು ನಿಂತಾಗಲೂ ಹೀಗೆಯೇ. ಕಾರ್ಖಾನೆಯ ಎಂಜಿನಿಯರಿಗೆ ರಾತ್ರಿ 10 ಗಂಟೆಗೆ ತಿಳಿದ ಸುದ್ದಿ ಬೆಳಗಿನ ಜಾವ ಕತ್ತಿ ಹಿಡಿದು ಗದ್ದೆಗಿಳಿಯುವ ಗ್ಯಾಂಗಿನ ಮೇಸ್ತ್ರಿಗೆ ಅವನು ಹೊರಡುವ ಮೊದಲೇ ಮುಟ್ಟಬೇಕು. ನಿಂತ ಕಬ್ಬು ಇನ್ನೊಂದು ದಿನ ತಡೆಯುತ್ತದೆ, ಕಡಿದ ಕಬ್ಬು ತಡೆಯುವುದಿಲ್ಲ.

ಕಟಾವು ಆದೇಶವನ್ನು ಮೊದಲು ಯಾರಿಗೆ ಕೊಡಬೇಕು ಎಂಬಲ್ಲಿ ಗಣಿತ ಮುಗಿದು ನ್ಯಾಯದ ಪ್ರಶ್ನೆ ಆರಂಭವಾಗುತ್ತದೆ. ಕಾರ್ಖಾನೆಯ ದೃಷ್ಟಿಯಿಂದ ಹೆಚ್ಚು ಸಕ್ಕರೆಯ ಅಂಶವಿರುವ ಗದ್ದೆಯನ್ನು ಮೊದಲು ಕಡಿಸುವುದು ಲಾಭ; ಸಾಗಣೆಯ ದೃಷ್ಟಿಯಿಂದ ಹತ್ತಿರದ ಗದ್ದೆ ಲಾಭ; ರೈತರ ದೃಷ್ಟಿಯಿಂದ ಮೊದಲು ನೆಟ್ಟವರಿಗೆ ಮೊದಲು ಸಿಗಬೇಕು. ಆದೇಶ ತಡವಾದರೆ ಮಾಗಿದ ಕಬ್ಬು ಸೂಲಂಗಿ ಬಿಟ್ಟು ಒಳಗೆ ಬೆಂಡಾಗುತ್ತದೆ, ಕೂಳೆ ಬೆಳೆಗೆ ಸಿಗಬೇಕಾದ ತಿಂಗಳುಗಳು ಕಳೆದುಹೋಗುತ್ತವೆ, ಸಾಲದ ಬಡ್ಡಿ ಬೆಳೆಯುತ್ತದೆ. ಈ ಮೂರು ದೃಷ್ಟಿಗಳಿಗೂ ತೂಕ ಕೊಟ್ಟು ಒಂದು ಅಂಕವನ್ನು ಲೆಕ್ಕಹಾಕಿ ಪಟ್ಟಿಯನ್ನು ಯಂತ್ರವೇ ತಯಾರಿಸುವಂತೆ ಬರೆಯುವುದು ತಂತ್ರಾಂಶದವರಿಗೆ ಸುಲಭ. ಆದರೆ ಅಂಥ ಪಟ್ಟಿಯಲ್ಲಿ ಪಕ್ಕದ ಗದ್ದೆಯ ಹೆಸರು ತನ್ನ ಹೆಸರಿಗಿಂತ ಮೇಲೇಕೆ ಬಂತು ಎಂದು ಕೇಳುವ ರೈತನಿಗೆ ಕೊಡಬಹುದಾದ ಉತ್ತರ ಇರುವುದಿಲ್ಲ. ನೆಟ್ಟ ದಿನಾಂಕದ ಅಥವಾ ಹಿಂದಿನ ಕೂಳೆ ಕಡಿದ ದಿನಾಂಕದ ಹಿರಿತನವನ್ನೇ ಆಧಾರವಾಗಿಟ್ಟುಕೊಂಡು, ತಳಿಯ ಮಾಗುವ ಅವಧಿಯನ್ನು ಅದಕ್ಕೆ ಸೇರಿಸಿ, ಬೆಂಕಿ ಬಿದ್ದ ಕಬ್ಬು, ನೀರು ನಿಂತ ಗದ್ದೆ, ರೋಗ ಹತ್ತಿದ ಬೆಳೆ ಇಂಥ ಹೆಸರಿಸಿದ ಕಾರಣಗಳಿಗೆ ಮಾತ್ರ ಸರದಿ ದಾಟಲು ಅವಕಾಶ ಕೊಟ್ಟು, ದಾಟಿದ ಪ್ರತಿ ಸಲವೂ ಕಾರಣವನ್ನು ಮತ್ತು ಅದಕ್ಕೆ ಒಪ್ಪಿಗೆ ಕೊಟ್ಟ ಅಧಿಕಾರಿಯ ಹುದ್ದೆಯನ್ನು ದಾಖಲಿಸಿ, ಇಡೀ ಪಟ್ಟಿಯನ್ನು ಊರಿನ ಡೇರಿ ಗೋಡೆಯ ಮೇಲೆ ಅಂಟಿಸುವುದು ಹೆಚ್ಚು ಸರಿಯಾದ ವಿನ್ಯಾಸ. ಇದರಿಂದ ಇಳುವರಿಯಲ್ಲಿ ಒಂದಿಷ್ಟು ಬಿಟ್ಟುಕೊಡಬೇಕಾಗಬಹುದು. ಆದರೂ ತನ್ನ ಸರದಿ ಯಾವ ದಿನ ಬರುತ್ತದೆ ಎಂದು ಖಚಿತವಾಗಿ ಬಲ್ಲ ರೈತ ಹೆದರಿ ಆಲೆಮನೆಗೆ ಕಬ್ಬು ಹಾಕುವುದಿಲ್ಲವಾದ್ದರಿಂದ, ಕಾರ್ಖಾನೆಗೆ ಅಂದಾಜು ಮಾಡಲು ಬರುವ ಪೂರೈಕೆ ಸಿಗುತ್ತದೆ.

ಇನ್ನು ತಂತ್ರಾಂಶದ ಒಳಗಿನ ರಚನೆ. ಪ್ರತಿಯೊಂದು ಲೋಡು ಒಪ್ಪಿಗೆ, ಕಟಾವು ಆದೇಶ, ಕಟಾವು, ಹೇರುವಿಕೆ, ಯಾರ್ಡಿನ ಪ್ರವೇಶ, ತುಂಬಿದ ತೂಕ, ಇಳಿಸುವಿಕೆ, ಖಾಲಿ ಗಾಡಿಯ ತೂಕ, ಬಿಲ್ಲು, ಪಾವತಿ ಎಂಬ ಹಂತಗಳನ್ನು ದಾಟುತ್ತದೆ. ಸರಕು ಯಾವುದೋ ಒಂದು ಹಂತದಲ್ಲಿ ಇರುವುದನ್ನು ‘ಸ್ಥಿತಿ’ ಎಂದೂ, ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸುವ ಸಂಗತಿಯನ್ನು ‘ಘಟನೆ’ ಎಂದೂ ಕರೆಯಲಾಗುತ್ತದೆ. ಅನನುಭವಿಗಳು ಸ್ಥಿತಿಯನ್ನು ಮಾತ್ರ ಉಳಿಸಿಕೊಂಡು, ಅದು ಬದಲಾದಾಗಲೆಲ್ಲ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾರೆ. ತಿಂಗಳ ನಂತರ ತೂಕದ ಬಗ್ಗೆ ತಕರಾರು ಬಂದಾಗ ಏನು ನಡೆಯಿತೆಂದು ಹೇಳುವ ಪುರಾವೆಯೇ ಉಳಿದಿರುವುದಿಲ್ಲ. ಸರಿಯಾದ ಕ್ರಮವೆಂದರೆ ಘಟನೆಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋಗುವುದು, ಬರೆದದ್ದನ್ನು ಎಂದಿಗೂ ಅಳಿಸದಿರುವುದು, ತಪ್ಪಾಗಿದ್ದರೆ ತಿದ್ದುಪಡಿಯನ್ನೇ ಇನ್ನೊಂದು ಘಟನೆಯಾಗಿ ಸೇರಿಸುವುದು. ಹಳೆಯ ಶಾನುಭೋಗರ ಕಡತಗಳಲ್ಲಿ ತಪ್ಪಿದ ಅಂಕಿಯನ್ನು ಕೆರೆದು ಅಳಿಸದೆ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕುತ್ತಿದ್ದ ಶಿಸ್ತಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಕಬ್ಬು ನಿಯಂತ್ರಣ ಆದೇಶ, 1966ರ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದ ಅವಧಿಗೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. ಆ 14 ದಿನಗಳ ಎಣಿಕೆ ಯಾವ ಘಟನೆಯಿಂದ ಆರಂಭವಾಗುತ್ತದೆ ಎಂಬುದು ದಾಖಲೆಯಲ್ಲಿ ಗಂಟೆ ನಿಮಿಷ ಸಮೇತ ಇದ್ದರೆ ಮಾತ್ರ ಕಾನೂನಿನ ಈ ಮಾತಿಗೆ ಕೈಕಾಲು ಬರುತ್ತದೆ.

ತೂಕದ ಘಟನೆಗೆ ವಿಶೇಷ ಎಚ್ಚರ ಬೇಕು. ತೂಕದ ಸೇತುವೆಯ ಅಂಕಿಯನ್ನು ಗುಮಾಸ್ತರು ಕಣ್ಣಿನಿಂದ ಓದಿ ಕೀಲಿಮಣೆಯಲ್ಲಿ ಒತ್ತುವ ವ್ಯವಸ್ಥೆಯಲ್ಲಿ 12,480 ಎಂಬುದು 12,840 ಆಗಲು ಯಾರ ದುರುದ್ದೇಶವೂ ಬೇಕಿಲ್ಲ, ರಾತ್ರಿ ಪಾಳಿಯ ನಿದ್ದೆಯೊಂದೇ ಸಾಕು. ಸೇತುವೆಯ ಸೂಚಕ ಯಂತ್ರದಿಂದ ತಂತಿಯ ಮೂಲಕ ನೇರವಾಗಿ ಕಂಪ್ಯೂಟರಿಗೆ ಅಂಕಿ ಬರುವಂತೆ ಮಾಡಿ, ಅದೇ ಕ್ಷಣದ ಗಾಡಿಯ ಚಿತ್ರವನ್ನು ಜೊತೆಗಿರಿಸಿ, ಗಾಡಿಯ ಚಾಲಕನಿಗೆ ಕಾಣುವಂತೆ ಹೊರಗೊಂದು ದೊಡ್ಡ ಫಲಕದಲ್ಲಿ ತೂಕವನ್ನು ತೋರಿಸಿ, ರೈತನ ಮೊಬೈಲಿಗೆ ಅಲ್ಲಿಂದಲೇ ಸಂದೇಶ ಹೋಗುವಂತೆ ಮಾಡುವುದು ತಾಂತ್ರಿಕವಾಗಿ ಬಹಳ ಹಳೆಯ, ಅಗ್ಗದ ಕೆಲಸ. ವಿಶ್ವಾಸವನ್ನು ಗಳಿಸುವುದರಲ್ಲಿ ಇದಕ್ಕೆ ಸಮನಾದದ್ದು ಇಡೀ ತಂತ್ರಾಂಶದಲ್ಲಿ ಮತ್ತೊಂದಿಲ್ಲ.

ಹೆಸರುಗಳ ಸಮಸ್ಯೆ ಹೊರಗಿನವರಿಗೆ ಕ್ಷುಲ್ಲಕವಾಗಿ ಕಾಣುತ್ತದೆ, ಆದರೆ ಇಂಥ ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಕಾಳಮುದ್ದನದೊಡ್ಡಿ, ಕೆ.ಎಂ.ದೊಡ್ಡಿ, ಭಾರತೀನಗರ ಇವು ಮೂರು ಊರುಗಳಲ್ಲ, ಒಂದೇ ಊರು. ಇದಕ್ಕೆ ಪ್ರತಿಯಾಗಿ ಕೊಪ್ಪ, ಹೊಸಹಳ್ಳಿ ಎಂಬ ಒಂದೊಂದು ಹೆಸರಿನಲ್ಲಿ ರಾಜ್ಯದಲ್ಲಿ ಹಲವು ಊರುಗಳಿವೆ. ಊರಿನ ಹೆಸರನ್ನು ಅಕ್ಷರಗಳ ಸಾಲಾಗಿ ಮಾತ್ರ ಇಟ್ಟುಕೊಳ್ಳುವ ತಂತ್ರಾಂಶ ಒಂದೂರನ್ನು ಮೂರಾಗಿಸುತ್ತದೆ, ಮೂರೂರನ್ನು ಒಂದಾಗಿಸುತ್ತದೆ. ರೈತರ ಹೆಸರುಗಳಲ್ಲಿ ತೊಡಕು ಇನ್ನೂ ಹೆಚ್ಚು: ಪಹಣಿ ತೀರಿಕೊಂಡ ತಾತನ ಹೆಸರಿನಲ್ಲಿ ಇರುತ್ತದೆ, ಒಪ್ಪಿಗೆ ಹಿರಿಯ ಮಗನ ಹೆಸರಿನಲ್ಲಿ, ಬ್ಯಾಂಕ್ ಖಾತೆ ಸೊಸೆಯ ಹೆಸರಿನಲ್ಲಿ, ಗದ್ದೆಯಲ್ಲಿ ದುಡಿಯುವವರು ಗುತ್ತಿಗೆಗೆ ಪಡೆದ ಬೇರೆಯವರು. ಇವರನ್ನೆಲ್ಲ ‘ರೈತ’ ಎಂಬ ಒಂದೇ ಕೋಣೆಯೊಳಗೆ ತುರುಕದೆ, ಭೂಮಿಯ ಒಡೆತನ, ಬೆಳೆಯ ಒಡೆತನ, ಹಣ ಪಡೆಯುವ ಹಕ್ಕು ಎಂಬ ಮೂರು ಸಂಬಂಧಗಳನ್ನು ಬೇರೆ ಬೇರೆಯಾಗಿ ದಾಖಲಿಸಬೇಕಾಗುತ್ತದೆ. ಸರ್ವೆ ನಂಬರು ಮತ್ತು ಹಿಸ್ಸಾ ಸಂಖ್ಯೆ ಗುರುತಿಗೆ ನೆರವಾಗುತ್ತವೆ. ರಾಜ್ಯದ ‘ಭೂಮಿ’ ದಾಖಲೆಗಳೂ ‘ಫ್ರೂಟ್ಸ್’ ಎಂಬ ರೈತ ನೋಂದಣಿಯೂ ಒಂದು ಆಧಾರ ಒದಗಿಸುತ್ತವೆ. ಇದರ ಜೊತೆಗೆ, ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ವರ್ಷಗಟ್ಟಲೆಯ ಪಟ್ಟಿಗಳು ಯೂನಿಕೋಡಿಗೆ ಪರಿವರ್ತನೆಯಾಗುವಾಗ ಒತ್ತಕ್ಷರಗಳು ಕೆಡುವುದುಂಟು. ಅವನ್ನು ಯಂತ್ರಕ್ಕೆ ಬಿಟ್ಟು ಕೈಕಟ್ಟಿ ಕೂರದೆ ಊರನ್ನು ಬಲ್ಲವರ ಎದುರಿಗೆ ಓದಿಸಿ ಸರಿಪಡಿಸಬೇಕು.

ಭಾಷೆಯ ಆಯ್ಕೆ ಸಂದೇಶದ ಉದ್ದವನ್ನೂ ನಿರ್ಧರಿಸುತ್ತದೆ. ಸಾಮಾನ್ಯ ಎಸ್‌ಎಂಎಸ್ ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗೆ ಜಾಗವಿದ್ದರೆ, ಕನ್ನಡ ಬಳಸಿದಾಗ ಅದು 70ಕ್ಕೆ ಇಳಿಯುತ್ತದೆ. ಆ 70ರ ಎಣಿಕೆಯಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತು ಸೂಚಿಸುವ ವಿರಾಮಚಿಹ್ನೆ ಎಲ್ಲವೂ ಪ್ರತ್ಯೇಕವಾಗಿ ಸೇರುವುದರಿಂದ, ಓದುಗರಿಗೆ ಮೂರೇ ಅಕ್ಷರವಾಗಿ ಕಾಣುವ ‘ಮದ್ದೂರು’ ಯಂತ್ರಕ್ಕೆ ಏಳು. ವೆಚ್ಚ ಹೆಚ್ಚೆಂದು ಇಂಗ್ಲಿಷಿನಲ್ಲಿ ಸಂದೇಶ ಕಳಿಸುವುದು ಇದಕ್ಕೆ ಪರಿಹಾರವಲ್ಲ. ಊರು, ದಿನಾಂಕ, ಟನ್ನು, ಗ್ಯಾಂಗಿನ ಸಂಖ್ಯೆ ಇಷ್ಟನ್ನೇ ಹೇಳುವ ಬಿಗಿಯಾದ ಕನ್ನಡ ವಾಕ್ಯವನ್ನು ಕಟ್ಟುವುದು ಪರಿಹಾರ. ಓದಲು ಬಾರದವರಿಗೆ ಮತ್ತು ಕಣ್ಣು ಮಂಜಾದ ಹಿರಿಯರಿಗೆ ಧ್ವನಿ ಕರೆಯೇ ಬೇಕು, ಅದೂ ಮಂಡ್ಯದ ಕಿವಿಗೆ ಒಗ್ಗುವ ಮಾತಿನಲ್ಲಿ.

ಮಾಹಿತಿ ಕಳಿಸುವ ಕಡೆಯಲ್ಲಿಯೂ ನೆಲದ ವಾಸ್ತವವನ್ನು ಒಪ್ಪಿಕೊಳ್ಳಬೇಕು. ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿ ಮುತ್ತತ್ತಿಯ ಕಾಡಿನ ಕಡೆಗೆ ಅಥವಾ ಶಿವನಸಮುದ್ರದ ಕಣಿವೆಯ ಕಡೆಗೆ ಹೋದಂತೆ ಮೊಬೈಲ್ ಸಂಕೇತವನ್ನು ನಂಬಿ ಕೂರುವಂತಿಲ್ಲ. ಆದುದರಿಂದ ಹೊಲದಲ್ಲಿ ಕೆಲಸ ಮಾಡುವವರ ಫೋನಿನ ತಂತ್ರಾಂಶ ಸಂಪರ್ಕವಿಲ್ಲದಾಗಲೂ ಪೂರ್ತಿ ಕೆಲಸ ಮಾಡಿ, ಸಂಪರ್ಕ ಸಿಕ್ಕಾಗ ಕೂಡಿಟ್ಟ ಘಟನೆಗಳನ್ನು ಕಳಿಸುವಂತಿರಬೇಕು. ಇಲ್ಲಿ ಎರಡು ಸೂಕ್ಷ್ಮಗಳಿವೆ. ಸಂಪರ್ಕ ಕಡಿದು ಮತ್ತೆ ಸೇರಿದಾಗ ಒಂದೇ ಘಟನೆ ಎರಡು ಸಲ ಬಂದು ತಲುಪುವುದು ಸಾಮಾನ್ಯವಾದ್ದರಿಂದ, ಪ್ರತಿ ಘಟನೆಗೂ ಫೋನಿನಲ್ಲಿಯೇ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಕೇಂದ್ರದ ಕಂಪ್ಯೂಟರು ಅದನ್ನು ಹೊಸ ಲೋಡೆಂದು ಎಣಿಸದಂತೆ ಮಾಡಬೇಕು. ಎರಡನೆಯದಾಗಿ, ಘಟನೆ ನಡೆದ ಹೊತ್ತು ಮತ್ತು ಅದರ ಸುದ್ದಿ ಕೇಂದ್ರಕ್ಕೆ ತಲುಪಿದ ಹೊತ್ತು ಇವೆರಡನ್ನೂ ಬೇರೆಯಾಗಿ ಬರೆದಿಡಬೇಕು; ಬೆಳಿಗ್ಗೆ 7ಕ್ಕೆ ಕಡಿದ ಕಬ್ಬಿನ ಸುದ್ದಿ ಮಧ್ಯಾಹ್ನ 2ಕ್ಕೆ ಬಂದರೆ ಅದರ ವಯಸ್ಸನ್ನು 2ರಿಂದ ಎಣಿಸುವುದು ಏಳು ಗಂಟೆಗಳನ್ನು ನುಂಗಿದಂತೆ.

ನಕ್ಷೆಯ ವಿಷಯಕ್ಕೆ ಬಂದರೆ, ಎರಡು ಸ್ಥಳಗಳ ನಡುವಿನ ಅತಿ ಕಿರಿದಾದ ದಾರಿಯನ್ನು ಹುಡುಕುವ ಕ್ರಮವನ್ನು ಡಚ್ ವಿಜ್ಞಾನಿ ಎಡ್ಸ್ಗರ್ ಡೈಕ್ಸ್ಟ್ರ 1959ರಲ್ಲಿಯೇ ಪ್ರಕಟಿಸಿದ್ದು, ಇಂದು ಅದು ಪಠ್ಯಪುಸ್ತಕದ ವಿಷಯ. ಆದರೆ ದಾರಿ ಯಾರಿಗೆ ಎಂಬ ಪ್ರಶ್ನೆಯನ್ನು ಆ ಗಣಿತ ತಾನಾಗಿ ಕೇಳುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರಾಕ್ಟರುಗಳಿಗೂ ಎತ್ತಿನ ಗಾಡಿಯಂಥ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಕಾರಿಗೆ ತೋರಿಸುವ ದಾರಿಯನ್ನೇ ಕಬ್ಬಿನ ಟ್ರಾಕ್ಟರಿಗೂ ತೋರಿಸುವ ತಂತ್ರಾಂಶ ಚಾಲಕನನ್ನು ದಂಡಕ್ಕೋ ಅಪಾಯಕ್ಕೋ ಗುರಿಮಾಡುತ್ತದೆ. ಸರ್ವಿಸ್ ರಸ್ತೆ, ಕೆಳಸೇತುವೆಯ ಎತ್ತರ, ನಾಲೆ ಏರಿಯ ಅಗಲ, ಕಬ್ಬು ಹೇರಿದಾಗ ಬಳಸಬಾರದ ಹಳೆಯ ಮೋರಿ ಇವೆಲ್ಲವನ್ನು ವಾಹನದ ಬಗೆಗೆ ತಕ್ಕಂತೆ ನಕ್ಷೆಯಲ್ಲಿ ಗುರುತಿಸಬೇಕು. ಈ ಜ್ಞಾನ ಯಾವ ಉಪಗ್ರಹದ ಚಿತ್ರದಲ್ಲಿಯೂ ಸಿಗದೆ, ಟ್ರಾಕ್ಟರ್ ಓಡಿಸುವವರ ನೆನಪಿನಲ್ಲಿ ಮಾತ್ರ ಇರುತ್ತದೆ. ಆ ನೆನಪನ್ನು ಗೌರವದಿಂದ ಕೇಳಿ ಬರೆದುಕೊಳ್ಳುವುದೂ ತಂತ್ರಾಂಶ ಕಟ್ಟುವ ಕೆಲಸದ ಭಾಗ.

ಹಾಲಿನ ಗಡಿಯಾರ ಕಬ್ಬಿನದಕ್ಕಿಂತ ಚುರುಕು. ಮಂಡ್ಯ ಜಿಲ್ಲಾ ಸಹಕಾರ ಹಾಲು ಉತ್ಪಾದಕರ ಸಂಘಗಳ ಒಕ್ಕೂಟದ, ಅಂದರೆ ಮನ್‌ಮುಲ್‌ನ, ಕೇಂದ್ರವಿರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಊರೂರಿನ ಸಂಘಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಸೇರುವ ಹಾಲನ್ನು ಕೆಡುವ ಮೊದಲೇ ತಂಪುಗೊಳಿಸಿ ಅಲ್ಲಿಗೆ ಮುಟ್ಟಿಸಬೇಕು. ಇಲ್ಲಿ ಮುಖ್ಯವಾಗುವುದು ಒಂದು ವಾಹನ ಹಲವು ಊರುಗಳನ್ನು ಯಾವ ಕ್ರಮದಲ್ಲಿ ಸುತ್ತಬೇಕು ಎಂಬ ಲೆಕ್ಕ. ಪೆಟ್ರೋಲ್ ಬಂಕುಗಳಿಗೆ ಇಂಧನ ಹಂಚುವ ಲಾರಿಗಳ ಸಂಬಂಧದಲ್ಲಿ ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರಾಮ್ಸರ್ 1959ರಲ್ಲಿ ಈ ಲೆಕ್ಕವನ್ನು ಮೊದಲು ವಿಧಿವತ್ತಾಗಿ ಮಂಡಿಸಿದರು. ಹತ್ತು ಊರುಗಳನ್ನು ಸುತ್ತುವ ಕ್ರಮಗಳು 36,28,800. ಹದಿನೈದು ಊರುಗಳಾದರೆ ಒಂದು ಲಕ್ಷ ಮೂವತ್ತು ಸಾವಿರ ಕೋಟಿಗೂ ಹೆಚ್ಚು. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಕೂರಲು ಬರುವುದಿಲ್ಲವಾದ್ದರಿಂದ ತಂತ್ರಾಂಶಗಳು ಸಾಕಷ್ಟು ಒಳ್ಳೆಯದಾದ ಒಂದು ಕ್ರಮವನ್ನು ಬೇಗ ಹುಡುಕಿ, ಅದನ್ನು ಅಲ್ಲಲ್ಲಿ ಅದಲು ಬದಲು ಮಾಡುತ್ತ ಸುಧಾರಿಸುತ್ತವೆ. ಹೀಗೆ ಸಿಕ್ಕ ಕ್ರಮವನ್ನು ದಿನವೂ ಬದಲಿಸುವುದು ಮಾತ್ರ ತಪ್ಪು. ಆರೂವರೆಗೆ ವಾಹನ ಬರುತ್ತದೆ ಎಂಬ ನಂಬಿಕೆಯ ಮೇಲೆ ನೂರಾರು ಮನೆಗಳ ಹಾಲು ಕರೆಯುವ ಹೊತ್ತು ನಿಂತಿರುವಾಗ, ನಾಲ್ಕು ಲೀಟರ್ ಡೀಸೆಲ್ ಉಳಿಸಲು ಅದನ್ನು ಕದಲಿಸಬಾರದು.

ಅಳತೆಯ ಮೂಲಮಾನವೂ ಹಾಲಿನಲ್ಲಿ ತಕರಾರಿನ ಬೀಜ. ಹಾಲಿನ ಸಾಂದ್ರತೆ ಲೀಟರಿಗೆ ಸುಮಾರು 1.03 ಕಿಲೊ ಆಗಿರುವುದರಿಂದ ಒಂದೆಡೆ ಲೀಟರಿನಲ್ಲಿ ಅಳೆದ 1,000, ಇನ್ನೊಂದೆಡೆ ತೂಗಿದಾಗ ಸುಮಾರು 1,030 ಕಿಲೊ ಆಗುತ್ತದೆ. ಮೂಲಮಾನವನ್ನು ನಮೂದಿಸದೆ ಅಂಕಿಯನ್ನು ಮಾತ್ರ ಉಳಿಸಿಕೊಂಡ ಲೆಕ್ಕದಲ್ಲಿ ಈ 30 ಎಲ್ಲಿಂದಲೋ ಬಂದಂತೆ ಅಥವಾ ಎಲ್ಲಿಗೋ ಹೋದಂತೆ ಕಾಣುತ್ತದೆ, ಯಾರ ಮೇಲೋ ಅನುಮಾನ ಹುಟ್ಟುತ್ತದೆ. ಅಂಕಿ ಮತ್ತು ಅದರ ಮೂಲಮಾನವನ್ನು ಎಂದಿಗೂ ಬೇರ್ಪಡಿಸಬಾರದು ಎಂಬುದು ತಂತ್ರಾಂಶ ಬರೆಯುವವರ ಮೊದಲ ಪಾಠಗಳಲ್ಲಿ ಒಂದು.

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಮೂಲಮಾನ ಮತ್ತೆ ಬದಲಾಗುತ್ತದೆ. ಅಲ್ಲಿ ವ್ಯವಹಾರ ಕಾಯಿಯ ಎಣಿಕೆಯ ಮೇಲೆ, ಆದರೆ ಲಾರಿ ಹೊರುವುದು ತೂಕವನ್ನು. ಎರಡು ಸಾವಿರ ಕಿಲೊಮೀಟರಿಗೂ ದೂರದ ದೆಹಲಿಯಂಥ ನಗರಗಳಿಗೆ ಹೋಗುವ ಲಾರಿಯಲ್ಲಿ ಕಾಯಿ ದಿನದಿಂದ ದಿನಕ್ಕೆ ಬಾಡುತ್ತದೆ, ಆ ಕಡೆಯ ದರ ದಾರಿಯಲ್ಲಿರುವಾಗಲೇ ಬದಲಾಗುತ್ತದೆ. ತೆಂಗಿನಕಾಯಿಗೆ ಜಿಎಸ್‌ಟಿ ಇಲ್ಲದಿರುವುದರಿಂದ, 2018ರಿಂದ ಜಾರಿಯಲ್ಲಿರುವ ಇ-ವೇ ಬಿಲ್, ಅಂದರೆ ಸಾಗಣೆಗೆ ಮುನ್ನ ಪಡೆಯಬೇಕಾದ ವಿದ್ಯುನ್ಮಾನ ರಹದಾರಿ, ಈ ಸರಕಿಗೆ ಬೇಕಾಗುವುದಿಲ್ಲ. ಹೀಗಾಗಿ ತೆರಿಗೆ ವ್ಯವಸ್ಥೆಯಿಂದ ತಾನಾಗಿ ಸಿಗಬಹುದಾಗಿದ್ದ ಸಾಗಣೆಯ ದಾಖಲೆಯೂ ಸಿಗುವುದಿಲ್ಲ. ಲೋಡು ಮಾಡಿದ ಎಣಿಕೆ, ಇಳಿಸಿದ ಎಣಿಕೆ, ತಿರಸ್ಕರಿಸಿದ ಎಣಿಕೆ ಮತ್ತು ಅದರ ಚಿತ್ರ ಇಷ್ಟನ್ನು ಎರಡೂ ಕಡೆಯವರು ಒಂದೇ ಕಡತದಲ್ಲಿ ನೋಡುವಂತಾದರೆ, ಬೆಳೆಗಾರರಿಗೆ ತಿಂಗಳ ನಂತರ ಫೋನಿನಲ್ಲಿ ಬರುವ ‘ಮಾಲು ಕೆಟ್ಟಿತ್ತು’ ಎಂಬ ಮಾತನ್ನು ಪರಿಶೀಲಿಸಲು ಒಂದು ನೆಲೆ ಸಿಗುತ್ತದೆ. ಮರಳಿ ಬರುವ ಖಾಲಿ ಲಾರಿಗೆ ಬಾಡಿಗೆ ಹುಡುಕಿಕೊಡುವುದು ಇನ್ನೊಂದು ಉಪಯುಕ್ತ ಕೆಲಸ.

ಮತ್ತೆ ಕಬ್ಬಿಗೆ ಮರಳಿದರೆ, ಮೇಲೆ ಹೇಳಿದ ಹಿರಿತನದ ಪಟ್ಟಿಯಲ್ಲಿ ಒಂದು ದೊಡ್ಡ ಅನ್ಯಾಯ ಅಡಗಿ ಕೂರುವ ಸಾಧ್ಯತೆಯಿದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ, ಕಟ್ಟು ಪದ್ಧತಿಯಲ್ಲಿ, ಅಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವ ಸರದಿಯಲ್ಲಿ ನೀರು ಹರಿಸಿದಾಗ, ಮೇಲಿನವರಿಗೆ ಮುಟ್ಟಿದ ಎಷ್ಟೋ ದಿನಗಳ ನಂತರ ನೀರು ಮುಟ್ಟುತ್ತದೆ. ಕಟ್ಟೆ ತುಂಬದ ವರ್ಷಗಳಲ್ಲಿ ಮುಟ್ಟುವುದೇ ಇಲ್ಲ. ಕೊನೆಯಂಚಿನ ರೈತ ತಡವಾಗಿ ನೆಟ್ಟದ್ದು ತನ್ನ ಇಚ್ಛೆಯಿಂದಲ್ಲ, ನೀರು ತಡವಾಗಿ ಬಂದದ್ದರಿಂದ. ನೆಟ್ಟ ದಿನಾಂಕವೊಂದನ್ನೇ ನೋಡುವ ಪಟ್ಟಿ ಅವನನ್ನು ಪ್ರತಿ ವರ್ಷವೂ ಹಂಗಾಮಿನ ಕೊನೆಗೆ, ಗ್ಯಾಂಗುಗಳು ತಮ್ಮೂರಿಗೆ ಹೊರಟು ನಿಂತಿರುವ ಹೊತ್ತಿಗೆ ತಳ್ಳುತ್ತದೆ. ಇದನ್ನು ತಪ್ಪಿಸಬೇಕಾದರೆ ಯಾವ ಉಪನಾಲೆಯ ಯಾವ ತೂಬಿಗೆ ಯಾವ ದಿನ ನೀರು ಬಂತು ಎಂಬ ನೀರಾವರಿ ಇಲಾಖೆಯ ದಾಖಲೆಯನ್ನೂ ಈ ತಂತ್ರಾಂಶ ಓದಿಕೊಳ್ಳಬೇಕು, ಹಂಗಾಮಿನ ಪ್ರತಿ ತಿಂಗಳ ಕಟಾವಿನಲ್ಲಿಯೂ ಕೊನೆಯಂಚಿನ ಊರುಗಳಿಗೆ ಒಂದು ಪಾಲನ್ನು ಮೊದಲೇ ಮೀಸಲಿಡಬೇಕು. ಆ ಪಾಲು ಎಷ್ಟಿರಬೇಕು ಎಂಬುದನ್ನು ತಂತ್ರಾಂಶ ಬರೆಯುವವರು ತಮ್ಮ ಮೇಜಿನ ಮೇಲೆ ತೀರ್ಮಾನಿಸದೆ, ಕಾರ್ಖಾನೆಯವರೂ ಒಪ್ಪಿಗೆದಾರರೂ ನಾಲೆಯ ಎಂಜಿನಿಯರರೂ ಹಂಗಾಮಿಗೆ ಮುಂಚೆ ಒಟ್ಟಿಗೆ ಕುಳಿತು ಗೊತ್ತುಮಾಡಿ ಬರೆದುಕೊಟ್ಟ ಮೇಲೆ ಯಂತ್ರಕ್ಕೆ ತುಂಬಬೇಕು.